ಬೆಳ್ಳಿತೆರೆಯ ಟ್ರಾಕ್ಟರು ಯಾರದು?

ಸಿನಿಮಾದಲ್ಲಿ ಕಂಡ ಹಳೆಯ ಟ್ರಾಕ್ಟರನ್ನು ಗುರುತು ಹಿಡಿಯತಕ್ಕ ಒಂದು ಹವ್ಯಾಸ ಲೋಕದಲ್ಲಿ ಬೆಳೆದಿದೆ. ನಾಯಕ ನಾಯಕಿಯರ ಮೇಲೆ ಇವರ ಕಣ್ಣಿಲ್ಲ. ಹಿಂದಿನ ಹೊಲದಲ್ಲಿ ಅರ್ಧ ನಿಮಿಷ ಸುಳಿದುಹೋದ ಯಂತ್ರದ ಮೂತಿ, ಗಾಲಿ, ಹೊಗೆಕೊಳವೆಗಳನ್ನು ನೋಡಿ, ಇದು ಇಂಥ ಕಂಪನಿಯದು, ಇಂಥ ಇಸವಿಯದು, ಪ್ರಪಂಚದಲ್ಲಿ ಇನ್ನು ಬೆರಳೆಣಿಕೆಯಷ್ಟೇ ಉಳಿದಿವೆ ಎಂದು ತೀರ್ಪು ಕೊಡುತ್ತಾರೆ. ಕೇಳಿದವರು ನಗುತ್ತಾರೆ. ಹೊಟ್ಟೆ ತುಂಬಿದವರ ಆಟ, ನಮಗೇಕೆ ಎನ್ನುತ್ತಾರೆ. ದುಡಿಯುವವರ ಪರವಾಗಿ ಮಾತಾಡುವವರಲ್ಲೂ ಹೀಗೆ ಮೂಗು ಮುರಿಯುವವರಿದ್ದಾರೆ.

ನಾವು ನಗುವವರಲ್ಲ. ನಮ್ಮ ತಕರಾರೇ ಬೇರೆ. ಇವರು ಹಿಡಿದ ಕೆಲಸ ಒಳ್ಳೆಯದು, ಆದರೆ ಅರ್ಧ ಮಾಡಿ ಕೈಬಿಟ್ಟಿದ್ದಾರೆ. ಯಂತ್ರದ ಹೆಸರು ಹೇಳುತ್ತಾರೆ. ಅದನ್ನು ಎರಕ ಹೊಯ್ದವನಾರು, ಓಡಿಸಿದವನಾರು, ಅದು ಬಂದದ್ದರಿಂದ ಒಕ್ಕಲೆದ್ದು ಹೋದವನಾರು ಎಂದು ಕೇಳುವುದಿಲ್ಲ.

ಯಂತ್ರವನ್ನು ಗುರುತಿಸುವುದು ಶೋಕಿಯ ವಿದ್ಯೆ ಎಂದು ಹೇಳಿದವರು ಗಿರಣಿಯ ಒಳಗೆ ಕಾಲಿಟ್ಟವರಲ್ಲ. ನೂಲಿನ ಖಾತೆಯಲ್ಲಿ ಇಪ್ಪತ್ತು ವರ್ಷ ದುಡಿದವನನ್ನು ಕೇಳಿ. ರಿಂಗ್ ಫ್ರೇಮಿನ ಸದ್ದು ಕೇಳಿಯೇ ಅದರ ವಯಸ್ಸು ಹೇಳುತ್ತಾನೆ. ಪಕ್ಕದ ಕಬ್ಬಿಣದ ಚೌಕಟ್ಟಿನ ಮೇಲೆ 'ಪ್ಲಾಟ್ ಬ್ರದರ್ಸ್, ಓಲ್ಡ್‌ಹ್ಯಾಮ್' ಎಂದು ಎರಕದಲ್ಲೇ ಮೂಡಿದ ಅಕ್ಷರಗಳನ್ನು, ಇಂಗ್ಲಿಷ್ ಓದಲು ಬಾರದಿದ್ದರೂ, ಬೆರಳಿನಿಂದ ಸವರಿ ಗುರುತಿಸುತ್ತಿದ್ದ ಕೆಲಸಗಾರರು ನಮ್ಮ ನಾಡಿನಲ್ಲಿದ್ದರು. ಆ ಹೆಸರು ಅವರಿಗೆ ಒಂದು ಸಂಗತಿಯನ್ನು ತಿಳಿಸುತ್ತಿತ್ತು: ಹತ್ತಿ ನಮ್ಮದು, ಬೆವರು ನಮ್ಮದು, ಯಂತ್ರ ಮಾತ್ರ ಲ್ಯಾಂಕಷೈರಿನದು. ಸಂಪತ್ತಿನ ಲೆಕ್ಕವೆಲ್ಲ ಆ ಎರಕದ ಅಕ್ಷರಗಳಲ್ಲಿಯೇ ಇತ್ತು. ಟ್ರಾಕ್ಟರಿನ ವಿಷಯವೂ ಇದಕ್ಕಿಂತ ಬೇರೆಯಲ್ಲ.

ಗುರುತು ಹಿಡಿಯುವ ಬಗೆಯನ್ನು ಸ್ವಲ್ಪ ನೋಡೋಣ. ಅದರಲ್ಲಿ ನಿಜವಾದ ಜಾಣತನವಿದೆ.

ಹೆನ್ರಿ ಫೋರ್ಡನ ಕಾರಖಾನೆ 1917ರಲ್ಲಿ ಹೊರತಂದ ಫೋರ್ಡ್‌ಸನ್ ಟ್ರಾಕ್ಟರಿಗೆ ಕೆಳಗೆ ಚೌಕಟ್ಟೇ ಇರಲಿಲ್ಲ. ಎಂಜಿನ್ನು, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವನ್ನೇ ಒಂದಕ್ಕೊಂದು ಬೋಲ್ಟು ಹಾಕಿ ಬಿಗಿದು ಅದನ್ನೇ ಮೈಯಾಗಿ ಮಾಡಿದ್ದರು. ಗಿಡ್ಡ ಮೈ, ಮುಂದೆ ರೇಡಿಯೇಟರಿನ ತಲೆಯ ಮೇಲೆ ಎರಕದ ಹೆಸರು, ಹಿಂದೆ ಒಂದೇ ಕಬ್ಬಿಣದ ಪಟ್ಟಿಯ ಮೇಲೆ ತೂಗಾಡುವ ಆಸನ. ಕಪ್ಪುಬಿಳುಪಿನ ಮಸುಕು ಚಿತ್ರದಲ್ಲೂ ಇದನ್ನು ತಪ್ಪುವಂತಿಲ್ಲ. ನೇಗಿಲು ಬಂಡೆಗೆ ಸಿಕ್ಕಿಬಿದ್ದರೆ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಚಾಲಕನನ್ನೇ ಅಪ್ಪಳಿಸತಕ್ಕ ದುರ್ಗುಣವೂ ಅದಕ್ಕಿತ್ತು. ಹವ್ಯಾಸಿಗಳ ಪಟ್ಟಿಯಲ್ಲಿ ಆಸನದ ವರ್ಣನೆ ಸಿಕ್ಕುತ್ತದೆ, ಆ ಆಸನದಿಂದ ಬಿದ್ದು ಸತ್ತವರ ಮಾತು ಸಿಕ್ಕುವುದಿಲ್ಲ. ಜರ್ಮನಿಯ ಲಾಂಜ್ ಬುಲ್‌ಡಾಗ್ ಇನ್ನೊಂದು ವಿಚಿತ್ರ. ಒಂದೇ ಸಿಲಿಂಡರು, ಮುಂಭಾಗದ ಬುರುಡೆಯನ್ನು ಊದುದೀಪದಿಂದ ಕೆಂಪಗೆ ಕಾಯಿಸಬೇಕು, ಆಮೇಲೆ ಸ್ಟೀರಿಂಗ್ ಚಕ್ರವನ್ನೇ ಕಿತ್ತು ಪಕ್ಕದ ಭಾರಚಕ್ರಕ್ಕೆ ಸಿಕ್ಕಿಸಿ ತಿರುಗಿಸಿ ಚಾಲೂ ಮಾಡಬೇಕು. ತೆರೆಯ ಮೇಲೆ ಒಬ್ಬನು ಟ್ರಾಕ್ಟರಿನ ಸ್ಟೀರಿಂಗ್ ಹಿಡಿದು ಇಳಿದುಬಂದನೆಂದರೆ ಯಂತ್ರದ ಹೆಸರು ಬೇರೆ ಹೇಳಬೇಕಿಲ್ಲ. ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾದ ಚಿಕ್ಕ ಬೂದುಬಣ್ಣದ ಫರ್ಗ್ಯುಸನ್‌ಗೆ ಗೇರಿನ ಕೋಲೇ ಚಾಲೂ ಮಾಡುವ ಕೀಲಿ. ಯುದ್ಧಕ್ಕೆ ಮುಂಚಿನ ಇಂಗ್ಲೆಂಡಿನ ಕಥೆಯೆಂದು ಹೇಳಿ ಈ ಬೂದು ಟ್ರಾಕ್ಟರನ್ನು ಹೊಲದಲ್ಲಿ ಓಡಿಸಿದ ನಿರ್ದೇಶಕ ಸುಳ್ಳು ಹೇಳುತ್ತಿದ್ದಾನೆಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ತಯಾರಾದ ಫೋರ್ಡ್‌ಸನ್‌ಗಳಲ್ಲಂತೂ ಬಣ್ಣವೇ ಪಂಚಾಂಗ: ಮೊದಲು ನೀಲಿ, 1937ರಿಂದ ಕಿತ್ತಳೆ, ಯುದ್ಧ ಬಂದ ಮೇಲೆ ಶತ್ರು ವಿಮಾನದ ಕಣ್ಣು ತಪ್ಪಿಸಲು ಹಸಿರು.

ಇಷ್ಟೆಲ್ಲ ಬಲ್ಲವರು 'ಅಪರೂಪ' ಎಂಬ ಮಾತು ಬಂದಾಗ ಮಾತ್ರ ಕಣ್ಣು ಮುಚ್ಚುತ್ತಾರೆ. ಒಂದು ಟ್ರಾಕ್ಟರು ಏತಕ್ಕೆ ಅಪರೂಪವಾಯಿತು? ರತ್ನದಂತೆ ಭೂಮಿಯಲ್ಲಿ ಕಡಿಮೆ ಸಿಕ್ಕುತ್ತದೆಂದೇ? 1922ರಲ್ಲಿ ಫೋರ್ಡನು ತನ್ನ ಟ್ರಾಕ್ಟರಿನ ಬೆಲೆಯನ್ನು 625 ಡಾಲರಿನಿಂದ ಒಮ್ಮೆಲೇ 395ಕ್ಕೆ ಇಳಿಸಿದನು. ಎದುರಾಳಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಾನೂ ಬೆಲೆ ಇಳಿಸಿ, ಮೇಲೆ ನೇಗಿಲನ್ನು ಪುಕ್ಕಟೆ ಕೊಟ್ಟಿತು. ಎರಡು ಗೂಳಿಗಳ ಕಾಳಗದಲ್ಲಿ ಗಿಡಗಳು ನೆಲಸಮವಾದವು. ಅಮೆರಿಕದಲ್ಲಿ 1921ರಲ್ಲಿ 186 ಇದ್ದ ಟ್ರಾಕ್ಟರು ಕಂಪನಿಗಳು 1930ರ ಹೊತ್ತಿಗೆ 38ಕ್ಕೆ ಇಳಿದವು. ಬೀದಿಯ ತುದಿಯಲ್ಲಿ ದೊಡ್ಡ ಸಾಹುಕಾರನ ಮಳಿಗೆ ತೆರೆದ ಮೇಲೆ ಏನಾಗುತ್ತದೆಂದು ನಮ್ಮ ಚಿಲ್ಲರೆ ಅಂಗಡಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಷ್ಟಕ್ಕೆ ಮಾರುವ ತಾಕತ್ತಿದ್ದವನು ಉಳಿಯುತ್ತಾನೆ, ಉಳಿದವರು ಬಾಗಿಲು ಹಾಕುತ್ತಾರೆ. ಹಾಗೆ ಬಾಗಿಲು ಹಾಕಿದ ಸಣ್ಣ ಕಾರಖಾನೆಗಳ ಯಂತ್ರಗಳೇ ಇಂದು ಹರಾಜಿನಲ್ಲಿ ಅಪರೂಪದ ವಸ್ತುಗಳು! ಮೇಲಾಗಿ ಎರಡನೆಯ ಮಹಾಯುದ್ಧದಲ್ಲಿ ಹಳೆಯ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿ ಮದ್ದುಗುಂಡಿಗಾಗಿ ಕರಗಿಸಿದರು. ಅಪರೂಪವೆಂದರೆ ಇದೇ: ಅರ್ಧ ಪೈಪೋಟಿ ನುಂಗಿದ್ದು, ಅರ್ಧ ಯುದ್ಧ ನುಂಗಿದ್ದು. ಅದಕ್ಕೆ ಹೊಸ ಬಣ್ಣ ಬಳಿದು, ತುಕ್ಕನ್ನೂ ಚಾಲಕನ ಕೈ ಸವೆಸಿದ ಗುರುತನ್ನೂ ಒರೆಸಿ, ಶ್ರೀಮಂತನ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಆಮೇಲೆ ಸಿನಿಮಾದವರಿಗೆ ದಿನದ ಬಾಡಿಗೆಗೆ ಕೊಡುತ್ತಾರೆ.

ಈಗ ತೆರೆಯ ಕಡೆಗೆ ನೋಡೋಣ.

ಸೋವಿಯತ್ ನಿರ್ದೇಶಕ ಐಸೆನ್‌ಸ್ಟೀನ್ 1929ರಲ್ಲಿ 'ಹಳತು ಮತ್ತು ಹೊಸತು' ಎಂಬ ಚಿತ್ರ ತೆಗೆದನು. ಅದರ ನಾಯಕಿ ಮಾರ್ಫಾ ಲಾಪ್ಕಿನಾ ನಟಿಯಲ್ಲ, ನಿಜವಾದ ರೈತ ಹೆಂಗಸು. ಹಳ್ಳಿಯವರು ಸಹಕಾರ ಸಂಘ ಕಟ್ಟಿ ಟ್ರಾಕ್ಟರಿಗೆ ಅರ್ಜಿ ಹಾಕುತ್ತಾರೆ. ಕಾಗದ ಕಛೇರಿಯಲ್ಲಿ ಮಲಗುತ್ತದೆ. (ಕಛೇರಿಗಳು ಯಾವ ದೇಶದಲ್ಲಿಯೂ ಕಛೇರಿಗಳೇ.) ಕೊನೆಗೆ ಟ್ರಾಕ್ಟರು ಬರುತ್ತದೆ, ಬಂದು ಕೆಡುತ್ತದೆ. ಚಾಲಕನಿಗೆ ಎಂಜಿನ್ನು ಒರೆಸಲು ಬಟ್ಟೆಯಿಲ್ಲ. ಬಾವುಟಕ್ಕೇ ಕೈ ಹಾಕುತ್ತಾನೆ. ಮಾರ್ಫಾ ಅದನ್ನು ತಡೆದು ತನ್ನ ಲಂಗವನ್ನೇ ಹರಿದು ಹರಿದು ಕೊಡುತ್ತಾಳೆ. ಆ ಲಂಗದ ತುಂಡಿನಿಂದ ಒರೆಸಿಕೊಂಡ ಯಂತ್ರ ಯಾವುದು? ಮೂತಿ ನೋಡಿ ಹೇಳಬಹುದು: ಫೋರ್ಡ್‌ಸನ್ ಜಾತಿಯದು. ಕಾರ್ಮಿಕ ಸಂಘವೆಂದರೆ ಉರಿದುಬೀಳುತ್ತಿದ್ದ ಫೋರ್ಡನ ಯಂತ್ರವು ಕ್ರಾಂತಿಯ ದೇಶದ ಚಿತ್ರದಲ್ಲಿ ವರನಂತೆ ಮೆರೆಯುತ್ತಿದೆ! ಇದು ಗೂಢವೇನಲ್ಲ. 1920ರ ದಶಕದಲ್ಲಿ ಸೋವಿಯತ್ ಸರಕಾರ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಫೋರ್ಡ್‌ಸನ್‌ಗಳನ್ನು ಕೊಂಡಿತು. 1924ರಿಂದ ಅದರ ನಕಲನ್ನು ಲೆನಿನ್‌ಗ್ರಾಡಿನ ಕ್ರಾಸ್ನಿ ಪುತಿಲೋವೆಟ್ಸ್ ಕಾರಖಾನೆಯಲ್ಲಿ ತಯಾರಿಸತೊಡಗಿತು. 1917ರ ಫೆಬ್ರವರಿಯಲ್ಲಿ ಬೀಗಮುದ್ರೆಗೆ ಎದುರಾಗಿ ಬೀದಿಗಿಳಿದು ಝಾರನ ಸಿಂಹಾಸನ ಅಲ್ಲಾಡಿಸಿದ ಆ ಪುತಿಲೋವ್ ಕಾರಖಾನೆಯೇ ಇದು. ಯಂತ್ರದ ಹೆಸರು ಗೊತ್ತಾದ ಮೇಲೆ ಚಿತ್ರದ ಅರ್ಥವೇ ಬದಲಾಗುತ್ತದೆಯೋ ಇಲ್ಲವೋ ನೀವೇ ಹೇಳಿ. ತೆರೆಯ ಮೇಲೆ ಕಾಣುವುದು ಬರಿಯ 'ಹೊಸತು' ಅಲ್ಲ. ಶತ್ರುವಿನ ಮನೆಯಿಂದ ಕಡ ತಂದು, ಬಿಚ್ಚಿ ನೋಡಿ, ತಮ್ಮ ಕೈಯಿಂದ ಮತ್ತೆ ಎರಕ ಹೊಯ್ದ ಕಬ್ಬಿಣ.

ಮರುವರ್ಷ, 1930ರಲ್ಲಿ, ಉಕ್ರೇನಿನ ದೊವ್‌ಜೆಂಕೊ 'ಭೂಮಿ' ಎಂಬ ಚಿತ್ರ ತೆಗೆದನು. ಅಲ್ಲಿಯೂ ಊರಿಗೆ ಟ್ರಾಕ್ಟರು ಬರುತ್ತದೆ. ಊರ ಹೊರಗೇ ನಿಂತುಬಿಡುತ್ತದೆ. ರೇಡಿಯೇಟರಿನಲ್ಲಿ ನೀರಿಲ್ಲ. ಸುತ್ತ ನಿಂತ ಗಂಡಸರು ತಾವೇ ಉಚ್ಚೆ ಹೊಯ್ದು ಅದನ್ನು ತುಂಬಿಸಿ ಮುಂದೆ ಸಾಗಿಸುತ್ತಾರೆ. ಸಭ್ಯರಾದ ಸೆನ್ಸಾರಿನವರು ಆ ದೃಶ್ಯಕ್ಕೆ ಕತ್ತರಿ ಹಾಕಿದರು. ಯಂತ್ರದೊಡನೆ ದುಡಿದವನಿಗೆ ಮಾತ್ರ ಅದಕ್ಕಿಂತ ಸತ್ಯವಾದ ದೃಶ್ಯ ಸಿಕ್ಕಲಾರದು. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಅದೇ ಉಕ್ರೇನಿನಲ್ಲಿ 1932-33ರಲ್ಲಿ ಸರಕಾರ ರೈತನ ಕಾಳನ್ನೆಲ್ಲ ಬಾಚಿಕೊಂಡು ಹೋಗಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಟ್ರಾಕ್ಟರು ತೆರೆಯ ಮೇಲೆ ಕುಣಿಯುತ್ತಿತ್ತು, ಕಣಜ ಬರಿದಾಗಿತ್ತು. ನಮ್ಮವರೆಂದು ಕರೆಸಿಕೊಂಡವರು ಮಾಡಿದ್ದೆಂಬ ಮಾತ್ರಕ್ಕೆ ಇದನ್ನು ನುಂಗಿಕೊಳ್ಳುವ ಪತ್ರಿಕೆಗೆ ಫೋರ್ಡನನ್ನು ಬೈಯುವ ಹಕ್ಕೂ ಇರುವುದಿಲ್ಲ.

ಇನ್ನು ಅಮೆರಿಕ. ಸ್ಟೈನ್‌ಬೆಕ್ಕನ ಕಾದಂಬರಿಯಿಂದ ಜಾನ್ ಫೋರ್ಡ್ ಎಂಬ ನಿರ್ದೇಶಕ (ಕಾರಿನ ಫೋರ್ಡನಿಗೆ ಸಂಬಂಧವಿಲ್ಲ) 1940ರಲ್ಲಿ ತೆಗೆದ 'ದಿ ಗ್ರೇಪ್ಸ್ ಆಫ್ ರಾತ್' ನೋಡಿ. ಒಕ್ಲಹೋಮದ ಒಣಭೂಮಿ. ತಲೆತಲಾಂತರ ಉತ್ತ ಗೇಣಿದಾರನ ಮನೆಯ ಮುಂದೆ ಉಕ್ಕಿನ ಪಟ್ಟಿಗಾಲಿಯ ಯಂತ್ರ ಬಂದು ನಿಲ್ಲುತ್ತದೆ. ಊರವರು ಅದನ್ನು 'ಕ್ಯಾಟ್' ಎಂದೇ ಕರೆಯುತ್ತಾರೆ. ಕ್ಯಾಟರ್‌ಪಿಲ್ಲರ್, ಅಂದರೆ ಕಂಬಳಿಹುಳು. 1925ರಲ್ಲಿ ಎರಡು ಕಂಪನಿಗಳು ಕೂಡಿ ಆದದ್ದು. ಗೇಣಿದಾರ ಬಂದೂಕು ಹಿಡಿದು ಅಡ್ಡ ನಿಲ್ಲುತ್ತಾನೆ. ಚಾಲಕ ಕಣ್ಣಿನ ಮೇಲಿನ ಗಾಳಿಕನ್ನಡಕ ಎತ್ತುತ್ತಾನೆ. ಅಯ್ಯೋ, ನೆರೆಮನೆಯ ಹುಡುಗ! ದಿನಕ್ಕೆ ಮೂರು ಡಾಲರ್ ಕೂಲಿ. ಮನೆಯಲ್ಲಿ ಹೆಂಡತಿ, ಮಕ್ಕಳು, ಅತ್ತೆ. ನನ್ನನ್ನು ಕೊಂದರೆ ನಾಳೆ ಇನ್ನೊಬ್ಬ ಬರುತ್ತಾನೆ ಎನ್ನುವುದು ಅವನ ಉತ್ತರ. ಗುಂಡು ಹಾರುವುದಿಲ್ಲ. ಮನೆ ಕುಸಿಯುತ್ತದೆ. ಹಾಗಾದರೆ ಗುಂಡು ಹಾರಿಸಬೇಕಾದದ್ದು ಯಾರಿಗೆ? ಭೂಮಿಯ ಕಂಪನಿಯ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ಇನ್ನೂ ದೂರದ ಯಾರೋ, ಆಕಾಶದಷ್ಟು ದೂರ. ಮುಷ್ಕರದ ದಿನ ಗೇಟಿನ ಒಳಗೆ ನುಗ್ಗುವ ಬದಲಿ ಕೆಲಸಗಾರನ ಮುಖವನ್ನು ಕಂಡವರಿಗೆ ಈ ದೃಶ್ಯ ಪರದೇಶದ್ದೆನಿಸದು.

ಈಗ ಗುರುತು ಹಿಡಿಯುವ ವಿದ್ಯೆಯನ್ನು ಸ್ವಲ್ಪ ಮುಂದಕ್ಕೆ ಒಯ್ಯಿರಿ. 1933ರಿಂದ ಸೋವಿಯತ್ ಚೆಲ್ಯಾಬಿನ್‌ಸ್ಕ್ ಕಾರಖಾನೆ ಹೊರಡಿಸಿದ 'ಎಸ್-60' ಎಂಬ ಪಟ್ಟಿಗಾಲಿ ಟ್ರಾಕ್ಟರು ಇದೇ ಕ್ಯಾಟರ್‌ಪಿಲ್ಲರ್ ಸಿಕ್ಸ್‌ಟಿಯ ನಕಲು. ಸ್ಟಾಲಿನ್‌ಗ್ರಾಡಿನದು ಹಾರ್ವೆಸ್ಟರ್ ಕಂಪನಿಯ ನಕಲು. ಒಕ್ಲಹೋಮದಲ್ಲಿ ಗೇಣಿದಾರನ ಗೋಡೆ ಕೆಡವಿದ ಕಂಬಳಿಹುಳವೂ, ಸಾಮೂಹಿಕ ಹೊಲದಲ್ಲಿ ಬಾವುಟ ಕಟ್ಟಿಕೊಂಡು ಹೊರಟ ಕಂಬಳಿಹುಳವೂ ಒಂದೇ ಬಸಿರಿನವು! ಯಂತ್ರವೇ ರಾಕ್ಷಸ ಎಂದು ಹೇಳುವ ಚಿತ್ರವೂ, ಯಂತ್ರವೇ ದೇವರು ಎಂದು ಹೇಳುವ ಚಿತ್ರವೂ ಒಂದೇ ಕಬ್ಬಿಣವನ್ನು ತೋರಿಸುತ್ತಿವೆ. ಬದಲಾದದ್ದು ಒಡೆಯ. ಎಂಜಿನ್ನಿನ ಮಾದರಿ, ಗಾಲಿಯ ಅಗಲ ಎಲ್ಲವನ್ನೂ ಬರೆದಿಡುವ ಹವ್ಯಾಸಿ ಬಂಧುಗಳೇ, ನಿಮ್ಮ ಪಟ್ಟಿಯಲ್ಲಿ ಒಡೆಯನಿಗೆ ಒಂದು ಅಂಕಣ ಏಕಿಲ್ಲ?

ನಮ್ಮ ದೇಶಕ್ಕೆ ಬನ್ನಿ. 'ಮದರ್ ಇಂಡಿಯಾ' 1957ರಲ್ಲಿ ತೆರೆಗೆ ಬಂತು. ಸುತ್ತಿಗೆ ಕುಡುಗೋಲನ್ನು ತನ್ನ ಕಂಪನಿಯ ಲಾಂಛನದಲ್ಲಿಟ್ಟುಕೊಂಡಿದ್ದ ಮೆಹಬೂಬ್ ಖಾನ್ ತನ್ನದೇ 1940ರ 'ಔರತ್' ಚಿತ್ರವನ್ನು ಹೊಸದಾಗಿ ಹೇಳಿದ ಕಥೆ. ಮೊದಲಿಗೆ ಮುದುಕಿ ರಾಧೆ ಹೆಂಟೆ ಮಣ್ಣನ್ನು ಎತ್ತಿಕೊಂಡು ಮುಖಕ್ಕೆ ಒತ್ತಿಕೊಳ್ಳುತ್ತಾಳೆ. ಅವಳ ಹಿಂದೆ ಟ್ರಾಕ್ಟರುಗಳು ಭೂಮಿ ಸೀಳುತ್ತ ಹೋಗುತ್ತವೆ. ಕಾಲುವೆಯ ನೀರು ಬಿಡಲು ಅವಳನ್ನು ಕರೆದೊಯ್ಯುತ್ತಾರೆ. ಆಮೇಲೆ ಹಿಂದಿನ ಕಥೆ: ಸಾಹುಕಾರ ಸುಖೀಲಾಲನ ಬಡ್ಡಿ, ಕಳೆದುಹೋದ ಎತ್ತು, ಹೆಗಲಿಗೆ ನೊಗ ಕೊಟ್ಟು ನೇಗಿಲೆಳೆದ ಹೆಂಗಸು. ನೋಡಿದವರೆಲ್ಲ ಅತ್ತರು. ಅಳಬೇಕಾದದ್ದೇ. ಆದರೆ ಆ ಮೊದಲ ಟ್ರಾಕ್ಟರುಗಳನ್ನು ಯಾರೂ ಪ್ರಶ್ನಿಸಲಿಲ್ಲ.

ಪ್ರಶ್ನಿಸಿದರೆ ಸಿಕ್ಕುವ ಉತ್ತರ ಸರಳವಾಗಿದೆ. ನಮ್ಮ ದೇಶದ ಕಾರಖಾನೆಯಿಂದ ಮೊದಲ ಟ್ರಾಕ್ಟರು ಹೊರಬಿದ್ದದ್ದು 1959ರ ಏಪ್ರಿಲಿನಲ್ಲಿ, ಫರೀದಾಬಾದಿನ ಐಶರ್ ಕಾರಖಾನೆಯಿಂದ. ಅದೂ ಜರ್ಮನರ ಸಹಯೋಗದಿಂದ. 1957ರ 'ಭಾರತ ಮಾತೆ'ಯ ಬೆನ್ನ ಹಿಂದೆ ಓಡಿದ ಟ್ರಾಕ್ಟರುಗಳೆಲ್ಲ ಹಡಗಿನಲ್ಲಿ ಬಂದವುಗಳೇ ಎಂದಾಯಿತು. ಹಾಗೆ ಹಡಗಿನಲ್ಲಿ ತರಿಸಲಿಕ್ಕೆ ಹಣ ಎಲ್ಲಿಯದು? ಕಳೆ ಬೆಳೆದು ಪಾಳುಬಿದ್ದ ಭೂಮಿಯನ್ನು ಸಾಗುವಳಿಗೆ ತರುವ ಯಂತ್ರಗಳಿಗೆಂದು ಭಾರತ ಸರಕಾರ 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲ ತೆಗೆದಿತ್ತು. ಸುಖೀಲಾಲನ ಲೆಕ್ಕದ ಪುಸ್ತಕ ಮುಚ್ಚಿತು, ಇನ್ನೊಂದು ಪುಸ್ತಕ ತೆರೆಯಿತು. ಸಾಲ ಮಾಡಿದ್ದೇ ಪಾಪವೆಂದು ನಾವು ಹೇಳುತ್ತಿಲ್ಲ. ಪಾಳುಭೂಮಿ ಹಸನಾದದ್ದು ಒಳ್ಳೆಯದೇ. ಸಾಲವನ್ನು ಮರೆಮಾಡಿ ಸ್ವಾವಲಂಬನೆಯ ಹಾಡು ಹಾಡಿಸಿದ್ದಕ್ಕೆ ನಮ್ಮ ಆಕ್ಷೇಪಣೆ.

ಅದೇ 1957ರಲ್ಲಿ ಬಂದ 'ನಯಾ ದೌರ್' ಚಿತ್ರದಲ್ಲಿ ಟ್ರಾಕ್ಟರಿಲ್ಲ, ಬಸ್ಸು ಇದೆ. ಟಾಂಗಾದವರ ಅನ್ನ ಕಸಿದುಕೊಳ್ಳಲು ಬಂದ ಸಾಹುಕಾರನ ಮಗನ ಬಸ್ಸು. ಒಂದೇ ವರ್ಷ, ಒಂದೇ ದೇಶ. ಒಂದು ಚಿತ್ರದಲ್ಲಿ ಯಂತ್ರ ಮಂಗಳವಾದ್ಯದೊಡನೆ ಬರುತ್ತದೆ, ಇನ್ನೊಂದರಲ್ಲಿ ಅದರೊಡನೆ ಪಂದ್ಯ ಕಟ್ಟಬೇಕಾಗುತ್ತದೆ. ನಮಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕವಾಗಿ ಕಂಡಿದೆ. ಬಸ್ಸು ಯಾರದೆಂದು ಅಲ್ಲಿ ಹೇಳಿದ್ದಾರೆ.

ಟ್ರಾಕ್ಟರು ಯಾರದೆಂಬುದು ಹೊಲದಲ್ಲಿ ಎಷ್ಟು ದೊಡ್ಡ ಮಾತೆಂಬುದಕ್ಕೆ ನಮ್ಮ ರಾಜ್ಯದ ಕಾನೂನೇ ಸಾಕ್ಷಿ. 1961ರ ಮೈಸೂರು ಭೂಸುಧಾರಣೆ ಕಾನೂನಿನಲ್ಲಿ ಜಮೀನುದಾರ 'ಸ್ವಂತ ಸಾಗುವಳಿ'ಗೆಂದು ಗೇಣಿದಾರನಿಂದ ಭೂಮಿ ಹಿಂದಕ್ಕೆ ಪಡೆಯಲು ಅವಕಾಶವಿಟ್ಟಿದ್ದರು. ಸ್ವಂತ ಸಾಗುವಳಿ ಎಂದರೆ ಅವನೇ ಉಳಬೇಕೆಂದೇನೂ ಇಲ್ಲ. ಕೂಲಿಯಾಳಿನಿಂದ ಉಳಿಸಿ ಮೇಲ್ವಿಚಾರಣೆ ನೋಡಿದರೂ ಆಯಿತು. ಹತ್ತು ಒಕ್ಕಲು ಮಾಡುತ್ತಿದ್ದ ಕೆಲಸಕ್ಕೆ ಒಂದು ಟ್ರಾಕ್ಟರು, ಒಬ್ಬ ದಿನಗೂಲಿ ಚಾಲಕ, ಬದುವಿನ ಮೇಲೆ ಕೊಡೆ ಹಿಡಿದು ನಿಂತ ಧಣಿ. ಸ್ವಂತ ಸಾಗುವಳಿ ಸಿದ್ಧ! 1974ರ ತಿದ್ದುಪಡಿ ಬಂದು ಗೇಣಿ ಪದ್ಧತಿಯೇ ರದ್ದಾಗುವವರೆಗೆ ಈ ಕಿಂಡಿ ತೆರೆದೇ ಇತ್ತು. ದೇಶದಲ್ಲಿ 1951ರಲ್ಲಿ ಎಂಟು ಸಾವಿರ ಚಿಲ್ಲರೆ ಇದ್ದ ಟ್ರಾಕ್ಟರುಗಳು 1961ಕ್ಕೆ ಸುಮಾರು 31 ಸಾವಿರವಾದವು. ಆ ಅಂಕಿಯನ್ನು ಕೊಂಡಾಡಿದವರು ಅವನ್ನು ಕೊಂಡವರು ಯಾರೆಂದು ಹೇಳಲಿಲ್ಲ.

ಕೊನೆಯದಾಗಿ, ನಮಗೆ ತೀರ ಹತ್ತಿರದ ಒಂದು ಯಂತ್ರ. ಪಂಜಾಬಿನ ಹಾಡುಗಳಲ್ಲಿ, ಚಿತ್ರಗಳಲ್ಲಿ ಇಂದು ನಕ್ಷತ್ರದಂತೆ ಮೆರೆಯುತ್ತಿರುವುದು 'ಎಚ್.ಎಂ.ಟಿ. 5911'. ಗಾಯಕ ಸಿಧು ಮೂಸೆವಾಲಾ 2022ರ ಮೇ ತಿಂಗಳಲ್ಲಿ ಕೊಲೆಯಾದಾಗ ಅವರ ಅಂತಿಮಯಾತ್ರೆ ಹೊರಟದ್ದು ಅವರ ಮೆಚ್ಚಿನ 5911 ಟ್ರಾಕ್ಟರಿನ ಮೇಲೆಯೇ. ಅಂಥ ಪ್ರೀತಿ ಆ ಯಂತ್ರದ ಮೇಲೆ ಅಲ್ಲಿಯ ಜನಕ್ಕೆ. ಹಳೆಯ 5911 ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತಾರೆ, ಬಿಚ್ಚಿ ಜೋಡಿಸುತ್ತಾರೆ, ಮೆರುಗು ಕೊಡುತ್ತಾರೆ.

ಈ ಎಚ್.ಎಂ.ಟಿ. ಯಾವುದು? 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಜಾಲಹಳ್ಳಿಯಲ್ಲಿ ಯಂತ್ರೋಪಕರಣ ತಯಾರಿಸಿದ, ನಿಮ್ಮ ತಂದೆಯ ಕೈಗಡಿಯಾರದ ಮೇಲೆ ಹೆಸರಿದ್ದ ಅದೇ ಸರಕಾರಿ ಸಂಸ್ಥೆ. ಹರಿಯಾಣದ ಪಿಂಜೋರಿನಲ್ಲಿ ಅದು 1971ರಲ್ಲಿ ಟ್ರಾಕ್ಟರು ತಯಾರಿಸತೊಡಗಿತು, ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯಿಂದ ವಿದ್ಯೆ ಪಡೆದು. ಹೆಸರಿನ ಅಂಕಿಯೇ ಗುರುತು: 2511 ಎಂದರೆ 25 ಅಶ್ವಶಕ್ತಿ, 5911 ಎಂದರೆ 59. ಖಾಸಗಿ ಧಣಿಯ ಹೆಸರಿಲ್ಲದ, ಪ್ರಜೆಗಳ ತೆರಿಗೆಯಿಂದ ಕಟ್ಟಿದ ಕಾರಖಾನೆಯ ಟ್ರಾಕ್ಟರು. ಅದನ್ನು 2016ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಮುಚ್ಚಲು ನಿರ್ಧರಿಸಿತು. ಕಾರ್ಮಿಕರಿಗೆ 'ಸ್ವಯಂ ನಿವೃತ್ತಿ'. (ಈ 'ಸ್ವಯಂ' ಎಂಬ ಶಬ್ದವನ್ನು ಕಂಡುಹಿಡಿದವನಿಗೆ ಬಹುಮಾನ ಕೊಡಬೇಕು, ನಮ್ಮ ಗಿರಣಿಗಳಲ್ಲೂ ಅದು ಒಳ್ಳೆಯ ಕೆಲಸ ಮಾಡಿದೆ.) ಅದೇ ವರ್ಷದ ಜನವರಿಯಲ್ಲಿ ಗಡಿಯಾರದ ಕಾರಖಾನೆಗೂ ಇದೇ ಗತಿ ಬಂದಿತ್ತು. ನಷ್ಟ, ನಷ್ಟ ಎಂದರು. ನಷ್ಟ ಸುಳ್ಳೆಂದು ನಾವು ಹೇಳುವುದಿಲ್ಲ. ಐವತ್ತು ವರ್ಷ ಹೊಲದಲ್ಲಿ ಬಾಳುವಂಥ ಯಂತ್ರವನ್ನು ಮಾಡಿದವನ ಕೈಯಲ್ಲಿ ದೋಷವಿತ್ತೋ, ಹೊಸ ಬಂಡವಳ ಹಾಕದೆ, ಹೊಸ ಮಾದರಿ ತಾರದೆ ಕಾರಖಾನೆಯನ್ನು ಒಣಗಿಸಿದವನ ಕೈಯಲ್ಲಿ ದೋಷವಿತ್ತೋ ಎಂಬುದನ್ನು ವಿಚಾರಿಸದೆ ಬೀಗ ಹಾಕಿದರು ಎನ್ನುತ್ತೇವೆ. ಜನ ಇಂದಿಗೂ ಹುಡುಕಿಕೊಂಡು ಹೋಗುವ ಸರಕನ್ನು ಮಾಡಿದ ಕಾರಖಾನೆ ಮುಚ್ಚಿತು. ಸರಕು 'ಅಪರೂಪ'ದ ಪಟ್ಟಿಗೆ ಸೇರಿತು. ಫೋರ್ಡನ ಕಾಲದ ಅಮೆರಿಕದಲ್ಲಿ ಪೈಪೋಟಿ ಮಾಡಿದ ಕೆಲಸವನ್ನು ಇಲ್ಲಿ ಒಡೆಯನಾದ ಸರಕಾರವೇ ಮಾಡಿತು.

ಸಿನಿಮಾದ ಕೊನೆಯಲ್ಲಿ ಹೆಸರುಗಳು ಉದ್ದಕ್ಕೆ ಓಡುತ್ತವೆ. ಬಟ್ಟೆ ಕೊಟ್ಟ ಅಂಗಡಿ, ಊಟ ಕೊಟ್ಟ ಹೋಟೆಲು, ಜಾಗ ಕೊಟ್ಟ ದೊಡ್ಡ ಮನುಷ್ಯರು, ಎಲ್ಲರಿಗೂ ಕೃತಜ್ಞತೆ. ಹೊಲದಲ್ಲಿ ನಿಜವಾಗಿ ಟ್ರಾಕ್ಟರು ಓಡಿಸಿದವನ ಹೆಸರನ್ನು ಅಲ್ಲಿ ಹುಡುಕಿ ನೋಡಿ. ನಾಯಕ ಸ್ಟೀರಿಂಗ್ ಹಿಡಿದು ಹಾಡುವುದು ಹತ್ತಿರದ ಚಿತ್ರದಲ್ಲಿ. ದೂರದಿಂದ ಕಾಣುವ ಸಾಲುಸಾಲಿನ ಉಳುಮೆ ಆ ಹೆಸರಿಲ್ಲದವನದು. ಯಂತ್ರದ ಹೆಸರು, ಇಸವಿ, ಒಡೆಯ, ಚಾಲಕ ಈ ನಾಲ್ಕನ್ನೂ ತೆರೆಯ ಮೇಲೆ ಹಾಕಬೇಕೆಂದು ಚಿತ್ರ ತೆಗೆಯುವವರನ್ನು ಕೇಳುವುದರಲ್ಲಿ ತಪ್ಪೇನು? ಖರ್ಚು ಒಂದು ಸಾಲಿನ ಅಕ್ಷರ.

ಅಲ್ಲಿಯವರೆಗೆ ಆ ಪಟ್ಟಿಯನ್ನು ನಾವೇ ಇಡೋಣ. ಓದುಗರಲ್ಲಿ ಯಾರಾದರೂ ಹಳೆಯ ಕನ್ನಡ ಚಿತ್ರಗಳಲ್ಲಿ ಟ್ರಾಕ್ಟರನ್ನು ಕಂಡು ಗುರುತಿಸಿದ್ದರೆ, ಚಿತ್ರೀಕರಣಕ್ಕೆ ತಮ್ಮ ಊರಿನ ಟ್ರಾಕ್ಟರು ಹೋದದ್ದು ನೆನಪಿದ್ದರೆ, ಜಾಲಹಳ್ಳಿಯಲ್ಲೋ ಪಿಂಜೋರಿನಲ್ಲೋ ದುಡಿದವರು ಮನೆಯಲ್ಲಿದ್ದರೆ, ಬರೆದು ಕಳಿಸಿ. ಕಂಪನಿಯ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಅದನ್ನು ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಓಡಿಸಿದವನ ಹೆಸರನ್ನು ಮಾತ್ರ ಬಿಡದೆ ಬರೆಯಿರಿ.